ಬಾಡಿಗೆ ವಿಮಾನದ ಸಾರಥಿ

ಚುನಾವಣೆಯ ಕಾಲ ಬಂದಿತೆಂದರೆ ಸಾಂಗಲಿ ಜಿಲ್ಲೆಯ ಶಾಲಾ ಮೈದಾನಗಳಿಗೆ ಎಲ್ಲಿಲ್ಲದ ಮಹತ್ವ ಬರುತ್ತದೆ. ಹಿಂದಿನ ದಿನವೇ ಲೋಕೋಪಯೋಗಿ ಇಲಾಖೆಯವರು ಬಂದು ನೆಲ ಅಳೆದು, ರೋಲರ್ ಹಾಯಿಸಿ, ಧೂಳೇಳದಂತೆ ನೀರು ಹೊಡೆಸಿ, ಸುಣ್ಣದಿಂದ ದೊಡ್ಡದೊಂದು ವರ್ತುಲ ಬರೆದು ಅದರ ನಡುವೆ ‘ಎಚ್’ ಅಕ್ಷರವನ್ನು ಮೂಡಿಸುತ್ತಾರೆ. ಮರುದಿನ ಶಾಲೆಯಲ್ಲಿ ಪಾಠ ನಡೆಯುವುದು ಹೆಸರಿಗೆ ಮಾತ್ರ. ಮಕ್ಕಳ ಕಿವಿಗಳೆಲ್ಲ ಆಕಾಶದ ಕಡೆಗೆ. ಕೊನೆಗೊಮ್ಮೆ ಹೆಲಿಕಾಪ್ಟರ್ ಇಳಿಯುತ್ತದೆ. ನಾಯಕರು ಇಳಿಯುತ್ತಾರೆ, ಹಾರ ಬೀಳುತ್ತದೆ, ವಾಹನಗಳ ಸಾಲು ಸಭೆಯ ಕಡೆಗೆ ಹೊರಟುಹೋಗುತ್ತದೆ. ಮೈದಾನದಲ್ಲಿ ಉಳಿಯುವವರು ಕಾವಲಿನ ಪೊಲೀಸರು, ಹಗ್ಗದಾಚೆ ನಿಂತ ಮಕ್ಕಳು, ಮತ್ತು ಹೆಲಿಕಾಪ್ಟರಿನ ನೆರಳಿನಲ್ಲಿ ಬಿಳಿಯ ಅಂಗಿ ತೊಟ್ಟು ನಿಂತ ಒಬ್ಬ ವ್ಯಕ್ತಿ.

ಈ ವ್ಯಕ್ತಿಯೇ ಚಾರ್ಟರ್ ಪೈಲಟ್. ಮರುದಿನದ ಪತ್ರಿಕೆಯ ಛಾಯಾಚಿತ್ರದಲ್ಲಿ ಆತನಿರುವುದಿಲ್ಲ. ಇದ್ದರೂ ಅರ್ಧ ಭುಜ ಮಾತ್ರ ಕಂಡೀತು. ಆದರೆ ಆ ಇಡೀ ದಿನದ ಕಾರ್ಯಕ್ರಮ, ನಾಯಕರ ಪ್ರಾಣವೂ ಸೇರಿ, ಆತನ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಎಸ್.ಟಿ. ಬಸ್ಸಿಗೂ ಮದುವೆಗೆಂದು ಗೊತ್ತುಮಾಡಿದ ಜೀಪಿಗೂ ಇರುವ ಭೇದವೇ ಸಾಮಾನ್ಯ ವಿಮಾನಕ್ಕೂ ಚಾರ್ಟರ್ ವಿಮಾನಕ್ಕೂ ಇದೆ. ಮೊದಲನೆಯದಕ್ಕೆ ವೇಳಾಪಟ್ಟಿಯುಂಟು, ಗೊತ್ತಾದ ನಿಲ್ದಾಣವುಂಟು; ಪ್ರಯಾಣಿಕನು ಅದರ ಹೊತ್ತಿಗೆ ಹೋಗಬೇಕು. ಎರಡನೆಯದು ಬಾಡಿಗೆ ಕೊಟ್ಟವನ ಹೊತ್ತಿಗೆ, ಅವನು ಹೇಳಿದ ಊರಿಗೆ ಹೋಗುತ್ತದೆ. ಸರ್ಕಾರದ ಭಾಷೆಯಲ್ಲಿ ಇದಕ್ಕೆ ‘ನಾನ್ ಶೆಡ್ಯೂಲ್ಡ್’ ಸೇವೆಯೆಂದು ಹೆಸರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರತ್ಯೇಕ ಪರವಾನಗಿ ಬೇಕು. ಇಂತಹ ಸೇವೆಯ ಪೈಲಟ್ ಬೆಳಿಗ್ಗೆ ಉದ್ಯಮಿಯೊಬ್ಬರನ್ನು ಕಾರ್ಖಾನೆಗೆ ಮುಟ್ಟಿಸಿ, ಮಧ್ಯಾಹ್ನ ಮದುಮಗನನ್ನು ಕಬ್ಬಿನ ಗದ್ದೆಯ ಪಕ್ಕದಲ್ಲಿ ಇಳಿಸಿ, ಮರುದಿನ ರೋಗಿಯೊಬ್ಬರ ಸ್ಟ್ರೆಚರಿಗಾಗಿ ಆಸನಗಳನ್ನು ಕಳಚಿಸಬೇಕಾದೀತು.

ಹೊರಗಿನವರು ಭಾವಿಸುವಂತೆ ಅವನ ದಿನದ ಹೆಚ್ಚು ಭಾಗ ಹಾರಾಟದಲ್ಲಿ ಕಳೆಯುವುದಿಲ್ಲ. ಕಾಯುವುದರಲ್ಲಿ ಕಳೆಯುತ್ತದೆ. ನಸುಕಿನಲ್ಲಿ ಎದ್ದು ಹವಾಮಾನದ ವರದಿ ನೋಡಬೇಕು. ಹಾರುವ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟಿರಬಾರದೆಂಬ ನಿಯಮವಿದ್ದು, ಅದಕ್ಕಾಗಿ ಉಸಿರಿನ ಪರೀಕ್ಷೆಯೂ ನಡೆಯುತ್ತದೆ. ಇಂಧನದ ತೊಟ್ಟಿಯ ತಳದಿಂದ ಒಂದಿಷ್ಟು ಇಂಧನವನ್ನು ಗಾಜಿನ ಪಾತ್ರೆಗೆ ಇಳಿಸಿ ಬೆಳಕಿಗೆ ಹಿಡಿದು ನೋಡಬೇಕು. ನೀರಿನ ಅಂಶವಿದ್ದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿ ಸಿದ್ಧನಾಗಿ ನಿಂತ ಮೇಲೆ ದೂರವಾಣಿ ಬರುತ್ತದೆ: ಸಾಹೇಬರು ಹೊರಟಿದ್ದಾರೆ, ಹತ್ತು ನಿಮಿಷ. ಆ ಹತ್ತು ನಿಮಿಷ ಎರಡು ಗಂಟೆಯಾಗುವುದು ವಾಡಿಕೆ.

ಆ ಎರಡು ಗಂಟೆಗಳಲ್ಲಿ ಹಗ್ಗದಾಚೆಯ ಜನರೇ ಅವನ ಸಂಗಡಿಗರು. ನಮ್ಮ ಕಡೆಯ ರೈತರು ಯಾವ ಯಂತ್ರವನ್ನು ಕಂಡರೂ ಕೇಳುವ ಪ್ರಶ್ನೆ ಒಂದೇ: “ಇದರ ಆವರೇಜ್ ಎಷ್ಟು, ಸಾಹೇಬರೇ?” ಪ್ರಶ್ನೆ ನಗೆ ತರಿಸುವಂತಿದ್ದರೂ ಉತ್ತರ ನಗುವಂಥದ್ದಲ್ಲ. ಚಾರ್ಟರ್ ಸೇವೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬೆಲ್ 206 ಎಂಬ ಒಂಟಿ ಎಂಜಿನ್ನಿನ ಹೆಲಿಕಾಪ್ಟರ್ ಗಂಟೆಗೆ ಸುಮಾರು 100 ಲೀಟರ್ ಇಂಧನ ಕುಡಿಯುತ್ತದೆ. ಆ ಇಂಧನ ಪೆಟ್ರೋಲಲ್ಲ; ಹೆಚ್ಚು ಶುದ್ಧಗೊಳಿಸಿದ ಸೀಮೆಎಣ್ಣೆಯ ಜಾತಿಯದು. ಅದು ದೊರೆಯುವುದು ವಿಮಾನ ನಿಲ್ದಾಣಗಳಲ್ಲಿ ಮಾತ್ರ. ಹಳ್ಳಿಯಿಂದ ಹಳ್ಳಿಗೆ ಹಾರುವ ಪ್ರಚಾರದ ದಿನಗಳಲ್ಲಿ ಪೀಪಾಯಿಗಳಲ್ಲಿ ತುಂಬಿ ಲಾರಿಯ ಮೇಲೆ ಮುಂದಾಗಿ ಕಳಿಸಬೇಕಾಗುತ್ತದೆ.

ಈ ಏರ್ಪಾಡಿಗೆ ನಮ್ಮಲ್ಲಿ ಹಳೆಯ ಮೇಲ್ಪಂಕ್ತಿಯಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ‘ಪುಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಸುಮಾರು 25 ಕಿಲೋ ಅಂಚೆಯನ್ನು ಹೊತ್ತು ಮುಂಬಯಿಗೆ ಬಂದರು. ನಡುದಾರಿಯ ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಬೇಕಾದ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ಇದು ಅನೇಕರು ಬಲ್ಲ ಕಥೆ. ಮುಂಬಯಿಯಿಂದ ಮುಂದಕ್ಕೆ ಅಂಚೆಯನ್ನು ಒಯ್ದವರ ಹೆಸರು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಅವರು ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿದ್ದವರು. 1929ರ ಸುಮಾರಿಗೆ ಜೊತೆಗಾರನೊಬ್ಬನೊಂದಿಗೆ ಭಾರತಕ್ಕೆ ಬಂದು, ಊರೂರು ಸುತ್ತಿ, ಹಣ ಕೊಟ್ಟವರನ್ನು ವಿಮಾನದಲ್ಲಿ ಕೂರಿಸಿ ಒಂದು ಸುತ್ತು ಹಾರಿಸಿ ಇಳಿಸುತ್ತಿದ್ದರು. ಚಾರ್ಟರ್ ಪೈಲಟ್ ಎಂಬ ವೃತ್ತಿಗೆ ನಮ್ಮ ನೆಲದಲ್ಲಿ ಮೂಲಪುರುಷರನ್ನು ಹುಡುಕುವುದಾದರೆ ಅವರನ್ನು ಬಿಟ್ಟು ಹೋಗುವಂತಿಲ್ಲ. ಅಂಚೆಯ ಯೋಜನೆಯೂ ಮೂಲತಃ ಅವರದೇ. ಟಾಟಾ ಅವರು ಅದಕ್ಕೆ ಹಣವನ್ನೂ ಹೆಸರನ್ನೂ ಕೊಟ್ಟರು. ಆ ಮೊದಲ ಅಂಚೆಯನ್ನು ವಿನ್ಸೆಂಟ್ ಮದರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯ ಮೂಲಕ. ಮಕ್ಕಳು ನಕಾಶೆಯ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಅಳತೆಪಟ್ಟಿಯಿಟ್ಟು ಗೆರೆ ಎಳೆದು ನೋಡಲಿ. ವಿಮಾನವು ಗೆರೆ ಹಿಡಿದೇ ಹಾರಬೇಕೆಂಬ ನಿಯಮವಿಲ್ಲದಿದ್ದರೂ, ಆ ಗೆರೆ ಮಿರಜಕ್ಕೂ ಜತ್ತಕ್ಕೂ ನಡುವಿನ ನೆಲದ ಮೇಲೆಯೇ ಹಾಯುತ್ತದೆ. ವಿನ್ಸೆಂಟ್ 1942ರ ಜನವರಿಯಲ್ಲಿ ಯುದ್ಧಕಾಲದ ವಿಮಾನಯಾನದಲ್ಲಿ ಮಡಿದರು.

ಮತ್ತೆ ಮೈದಾನಕ್ಕೆ ಬರೋಣ. ಸಾಹೇಬರು ಬಂದರು, ಅವರ ಜೊತೆಗೆ, ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಬ್ಬ ಕಾರ್ಯಕರ್ತರೂ ಎರಡು ಪೆಟ್ಟಿಗೆಗಳೂ ಬಂದವು. ಇಲ್ಲಿಂದ ಪೈಲಟನ ನಿಜವಾದ ಕೆಲಸ ಆರಂಭವಾಗುತ್ತದೆ. ಬೆಲ್ 206 ಹೆಲಿಕಾಪ್ಟರಿನಲ್ಲಿ ಪೈಲಟನನ್ನು ಬಿಟ್ಟು ನಾಲ್ವರಿಗೆ ಸ್ಥಳ. ಯಂತ್ರ, ಇಂಧನ, ಜನ, ಸಾಮಾನು ಎಲ್ಲ ಕೂಡಿ ಅದರ ತೂಕ ಸುಮಾರು 1,450 ಕಿಲೋ ಮೀರಕೂಡದು. ಜೀಪಿನಲ್ಲಿ ನಾಲ್ವರ ಜಾಗದಲ್ಲಿ ಏಳು ಜನ ಕೂತರೆ ಸ್ಪ್ರಿಂಗು ಕೆಳಗಿಳಿಯುತ್ತದೆ, ಅಷ್ಟೆ. ಹೆಲಿಕಾಪ್ಟರು ಒಂದೋ ಏಳುವುದಿಲ್ಲ. ಇಲ್ಲವೇ, ಇನ್ನೂ ಅಪಾಯಕರವಾಗಿ, ಎದ್ದು ಮರದ ಎತ್ತರಕ್ಕೆ ಹೋಗಿ ಅಲ್ಲಿಂದ ಮೇಲೇರಲಾರದೆ ಉಳಿಯುತ್ತದೆ.

ಇದರಲ್ಲಿ ಬಿಸಿಲಿನ ಪಾತ್ರವನ್ನು ವಿಜ್ಞಾನದ ಪಾಠ ಓದುವ ಮಕ್ಕಳು ವಿಶೇಷವಾಗಿ ಗಮನಿಸಬೇಕು. ರೆಕ್ಕೆಯಾಗಲಿ ತಿರುಗುವ ಅಲಗಾಗಲಿ ಗಾಳಿಯನ್ನು ಕೆಳಗೆ ತಳ್ಳಿ ತಾನು ಮೇಲೇಳುತ್ತದೆ. ಕಾಯ್ದ ಗಾಳಿ ಹಿಗ್ಗಿ ತೆಳುವಾಗುತ್ತದೆ. ತಳ್ಳಲು ಸಿಗುವ ಗಾಳಿಯೇ ಕಡಿಮೆಯಾಗುತ್ತದೆ. ಎಂಜಿನ್ನಿಗೂ ಅದೇ ತೆಳುಗಾಳಿ ಉಸಿರು, ಆದ್ದರಿಂದ ಅದರ ಶಕ್ತಿಯೂ ಕುಗ್ಗುತ್ತದೆ. ಜನವರಿಯ ಮುಂಜಾವಿನಲ್ಲಿ ನಾಲ್ವರನ್ನು ಸಲೀಸಾಗಿ ಎತ್ತಿದ ಯಂತ್ರ, ಜತ್ತದ ಬಯಲಿನಲ್ಲಿ ಏಪ್ರಿಲ್ ತಿಂಗಳ ಎರಡು ಗಂಟೆಯ ಬಿಸಿಲಿಗೆ ಮೂವರನ್ನು ಎತ್ತಲು ತಿಣುಕಾಡುತ್ತದೆ. ಸಾಹೇಬರಿಗೆ ಇದನ್ನು ವಿವರಿಸುವುದು ಸುಲಭವಲ್ಲ. ಬೆಳಿಗ್ಗೆ ಇದೇ ವಿಮಾನ ಇಷ್ಟೇ ಜನರನ್ನು ತಂದಿತಲ್ಲ ಎಂಬುದು ಅವರ ವಾದ. ಕಣ್ಣಿಗೆ ಕಾಣುವ ವಾದ ಯಾವಾಗಲೂ ಬಲವಾದುದು. ಕಾರ್ಯಕರ್ತರನ್ನು ಇಳಿಸಿ ರಸ್ತೆಯಿಂದ ಬರಹೇಳುವುದೇ ಪೈಲಟನಿಗೆ ಉಳಿದ ದಾರಿ. ಇಳಿದವನ ಮುಖದಲ್ಲಿ ಮೂಡುವ ಅವಮಾನವನ್ನು ಸಹಿಸಿಕೊಳ್ಳುವುದೂ ವೃತ್ತಿಯ ಒಂದು ಭಾಗ.

ಸಂಜೆಯದು ಇನ್ನೊಂದು ಪಂಚಾಯಿತಿ. ಹೆಲಿಕಾಪ್ಟರು ಹಳ್ಳಿಯ ಮೈದಾನದಿಂದ ಹಾರುವಾಗ ಪೈಲಟನಿಗೆ ಕಣ್ಣೇ ಆಧಾರ. ಹೀಗೆ ಕಣ್ಣಿನ ನೋಟವನ್ನು ನೆಚ್ಚಿದ ಹಾರಾಟಕ್ಕೆ ಭಾರತದಲ್ಲಿ ಸೂರ್ಯಾಸ್ತದ 20 ನಿಮಿಷಗಳ ನಂತರ ಅನುಮತಿಯಿಲ್ಲ. ನವೆಂಬರಿನಲ್ಲಿ ನಮ್ಮ ಭಾಗದಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕೊನೆಯ ಸಭೆಯ ಭಾಷಣಕಾರರಿಗೆ ಚಪ್ಪಾಳೆ ಹೆಚ್ಚಿದಷ್ಟೂ ಹೊತ್ತಿನ ಪರಿವೆ ಇರುವುದಿಲ್ಲ. ಮೈದಾನದ ತುದಿಯ ವಿದ್ಯುತ್ ತಂತಿಗಳು ಹಗಲಿನಲ್ಲೇ ಸರಿಯಾಗಿ ಕಾಣವು. ಕತ್ತಲೆಯಲ್ಲಿ ಅವು ಇಲ್ಲವೇ ಇಲ್ಲ ಎನ್ನುವಂತಿರುತ್ತವೆ. ಆಗ ಪೈಲಟ್ ಮೈದಾನದಿಂದ ಸುದ್ದಿ ಕಳಿಸುತ್ತಾನೆ: ಇನ್ನು ಕಾಲು ಗಂಟೆಯಲ್ಲಿ ಹೊರಡದಿದ್ದರೆ ರಾತ್ರಿ ಇಲ್ಲಿಯೇ.

ಇಲ್ಲಿ ಕಾನೂನು ಯಾರ ಪರವಾಗಿದೆ? ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. 1937ರ ವಿಮಾನ ನಿಯಮಗಳ 141ನೆಯ ನಿಯಮವು, ವಿಮಾನದ ಮೇಲ್ವಿಚಾರಣೆಯ ಹೊಣೆಯನ್ನೂ ಅದರಲ್ಲಿರುವ ಜನರ, ಸಾಮಾನಿನ ಸುರಕ್ಷತೆಯ ಹೊಣೆಯನ್ನೂ ‘ಪೈಲಟ್ ಇನ್ ಕಮಾಂಡ್’ ಎನಿಸಿಕೊಂಡವನ ಮೇಲೆ ಇರಿಸಿದೆ. 1934ರ ಮೂಲ ಅಧಿನಿಯಮದ ಸ್ಥಾನಕ್ಕೆ 2025ರ ಜನವರಿ 1ರಿಂದ ‘ಭಾರತೀಯ ವಾಯುಯಾನ ಅಧಿನಿಯಮ, 2024’ ಬಂದಿದೆ. ಆದರೆ ವಿಮಾನದೊಳಗೆ ಕೊನೆಯ ಮಾತು ಯಾರದೆಂಬ ತತ್ತ್ವ ಬದಲಾಗಿಲ್ಲ. ಪ್ರಯಾಣಿಕನು ಮಂತ್ರಿಯಾಗಿರಲಿ, ವಿಮಾನದ ಮಾಲೀಕನೇ ಆಗಿರಲಿ, ಹಾರಬಹುದೇ ಹಾರಬಾರದೇ ಎಂಬಲ್ಲಿ ಅವನ ಸ್ಥಾನ ಆಸನದಲ್ಲಿ ಕೂತ ಸಾಮಾನ್ಯನದೇ.

ಕಾಗದದ ಮೇಲಿನ ಈ ಅಧಿಕಾರ ಮೈದಾನದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು. ದೊಡ್ಡ ವಿಮಾನ ಸಂಸ್ಥೆಯ ಪೈಲಟನಿಗೂ ಪ್ರಯಾಣಿಕರಿಗೂ ನಡುವೆ ಗಟ್ಟಿಯಾದ ಬಾಗಿಲಿದೆ, ಬೀಗವಿದೆ. ವಿಮಾನ ತಡವಾದರೆ ಜನರು ಬೈಯುವುದು ಸಂಸ್ಥೆಯನ್ನು. ಚಾರ್ಟರ್ ಪೈಲಟನಿಗೆ ಬಾಗಿಲೇ ಇಲ್ಲ. ಬಾಡಿಗೆ ಕೊಟ್ಟವರು ಭುಜದ ಹಿಂದೆಯೇ ಕೂತಿರುತ್ತಾರೆ, ಹಲವೊಮ್ಮೆ ಪಕ್ಕದಲ್ಲೇ. ‘ಆಗದು’ ಎಂದರೆ ಮುಂದಿನ ಬಾಡಿಗೆ ಬೇರೆಯ ಕಂಪನಿಗೆ ಹೋದೀತು, ಆ ಮೂಲಕ ತನ್ನ ನೌಕರಿಗೂ ಕುತ್ತು ಬಂದೀತು ಎಂಬ ಅಳುಕು ಇದ್ದೇ ಇರುತ್ತದೆ.

ನಮ್ಮವರಿಗೆ ಇದನ್ನು ತಿಳಿಯಲು ಮಹಾಭಾರತವೇ ಸಾಕು. ಕರ್ಣನ ರಥಕ್ಕೆ ಶಲ್ಯ ಸಾರಥಿಯಾದ. ಗುರಿ ತಪ್ಪುತ್ತಿದೆ, ಬಾಣವನ್ನು ಮತ್ತೆ ಹೂಡು ಎಂದ. ಸ್ವಾಮಿಯಾದ ಕರ್ಣ ತೊಟ್ಟ ಬಾಣವನ್ನು ಮತ್ತೆ ತೊಡೆನೆಂದ. ಕನ್ನಡದ ಹಳ್ಳಿಗಳಲ್ಲಿ ಬಯಲಾಟ ನೋಡಿದವರಿಗೆಲ್ಲ ಆಮೇಲೆ ನಡೆದದ್ದು ಗೊತ್ತು. ಶಲ್ಯ ರಥದಿಂದ ಇಳಿದುಹೋದ. ಆಕಾಶದ ಸಾರಥಿಗೆ ನಡುವೆ ಇಳಿಯುವ ಅನುಕೂಲವಿಲ್ಲ. ಅವನು ಹೇಳುವುದನ್ನೆಲ್ಲ ನೆಲ ಬಿಡುವ ಮೊದಲೇ ಹೇಳಿ ಮುಗಿಸಬೇಕು.

ದಕ್ಷಿಣದ ಜನರ ನೆನಪಿನಲ್ಲಿ ಉಳಿದ ಕೆಲವು ದುರಂತಗಳು ಸಣ್ಣ ವಿಮಾನಗಳ ಸೂಕ್ಷ್ಮತೆಯನ್ನು ತಿಳಿಸುತ್ತವೆ. 2002ರ ಮಾರ್ಚ್ 3ರಂದು ಲೋಕಸಭೆಯ ಅಧ್ಯಕ್ಷರಾಗಿದ್ದ ಜಿ.ಎಂ.ಸಿ. ಬಾಲಯೋಗಿ ಅವರು ಆಂಧ್ರದ ಕೈಕಲೂರಿನ ಬಳಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆಂದು ಹೊರಟ ಒಂಟಿ ಎಂಜಿನ್ನಿನ ಸೆಸ್ನಾ ವಿಮಾನ, ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಉರುಳಿತು. ಕನ್ನಡಿಗರ ಅಚ್ಚುಮೆಚ್ಚಿನ ನಟಿ ಸೌಂದರ್ಯ ಸೇರಿ ನಾಲ್ವರು ಅದರಲ್ಲಿ ಮಡಿದರು. 2009ರ ಸೆಪ್ಟೆಂಬರ್ 2ರಂದು ನಲ್ಲಮಲದ ಕಾಡಿನ ಮೇಲೆ ಮೋಡಗಳ ನಡುವೆ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ಕಾಣೆಯಾಯಿತು. ಅದು ಬಾಡಿಗೆಯದಲ್ಲ, ಸರ್ಕಾರದ್ದೇ. ಎರಡು ಎಂಜಿನ್ನುಗಳಿದ್ದವು, ಇಬ್ಬರು ಪೈಲಟರಿದ್ದರು. ಒಳಗಿದ್ದ ಐವರಲ್ಲಿ ಯಾರೂ ಉಳಿಯಲಿಲ್ಲ. ಒಂದೊಂದಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ತಪ್ಪಾದೀತು. ಆದರೆ ಇಂತಹ ಪ್ರತಿಯೊಂದು ಸುದ್ದಿಯ ನಂತರ ಕೆಲವು ವಾರ ಪೈಲಟನ ಮಾತಿಗೆ ಬೆಲೆ ಹೆಚ್ಚುತ್ತದೆ, ಆಮೇಲೆ ಮತ್ತೆ ಹಳೆಯ ಅವಸರ ಮರಳುತ್ತದೆ.

‘ಆಗದು’ ಎನ್ನುವುದು ಎಲ್ಲಕ್ಕಿಂತ ಕಠಿಣವಾಗುವುದು ಪ್ರಯಾಣಿಕನು ರೋಗಿಯಾಗಿದ್ದಾಗ. ಮಿರಜದವರಿಗೆ ರೋಗಿಗಳ ಪ್ರಯಾಣವೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಇಲ್ಲಿ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದ ಲಾಗಾಯ್ತು ಅಥಣಿ, ಜಮಖಂಡಿ, ವಿಜಾಪುರದ ಕಡೆಯ ಕನ್ನಡ ಕುಟುಂಬಗಳು ರೋಗಿಯನ್ನು ಕರೆದುಕೊಂಡು ಮಿರಜದ ಹಾದಿ ಹಿಡಿಯುತ್ತ ಬಂದಿವೆ. ಬಂಡಿಯಲ್ಲಿ ಬಂದರು, ರೈಲಿನಲ್ಲಿ ಬಂದರು, ಈಗ ಆಂಬುಲೆನ್ಸಿನಲ್ಲಿ ಬರುತ್ತಾರೆ. ಇಲ್ಲಿಂದಲೂ ಮುಂದಕ್ಕೆ ಮುಂಬಯಿಗೋ ಬೆಂಗಳೂರಿಗೋ ತುರ್ತಾಗಿ ಒಯ್ಯಬೇಕಾದಾಗ ಅನುಕೂಲಸ್ಥರು ಏರ್ ಆಂಬುಲೆನ್ಸನ್ನು ಕರೆಸುವುದುಂಟು. ರೋಗಿಯ ಮಗ ಕೈಮುಗಿದು ನಿಂತಿರುವಾಗ ಘಟ್ಟದ ಮೇಲೆ ಮೋಡ ಕವಿದಿದೆ, ಈಗ ಹೊರಡಲಾಗದು ಎನ್ನುವುದು ಯಾರಿಗೆ ಸುಲಭ?

ಹೆಲಿಕಾಪ್ಟರ್ ಆಂಬುಲೆನ್ಸ್ ಹೆಚ್ಚಾಗಿ ಬಳಕೆಯಲ್ಲಿರುವ ಅಮೆರಿಕದಂಥ ದೇಶಗಳಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಕರೆ ಬಂದಾಗ ಪೈಲಟನಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ತಿಳಿಸುತ್ತಾರೆ. ರೋಗಿ ಹಸುಗೂಸೋ ವೃದ್ಧರೋ, ಸ್ಥಿತಿ ಎಷ್ಟು ಗಂಭೀರ ಎಂಬುದನ್ನು ಹೇಳುವುದಿಲ್ಲ. ಅವನು ಹವಾಮಾನವನ್ನಷ್ಟೇ ನೋಡಿ ಹೌದು ಅಥವಾ ಇಲ್ಲ ಎನ್ನಬೇಕು. ಕರುಣೆಯು ಲೆಕ್ಕವನ್ನು ಕೆಡಿಸಬಾರದೆಂದು ಮಾಡಿದ ಈ ಕಟ್ಟಳೆ ಮೊದಲು ಕೇಳುವಾಗ ಕ್ರೂರವೆನಿಸುತ್ತದೆ. ಹಾಗೆ ನೋಡಿದರೆ ನ್ಯಾಯದೇವತೆಯ ಕಣ್ಣಿಗೆ ಕಟ್ಟಿದ ಬಟ್ಟೆಯೂ ಇದೇ ನೇಯ್ಗೆಯದು.

ಈ ವೃತ್ತಿಯಲ್ಲಿ ಕನ್ನಡ ನಾಡಿನ ಹಳೆಯ ಅಧ್ಯಾಯವೊಂದು ಇದೆ, ಮಕ್ಕಳಿಗೆ ಹೇಳತಕ್ಕದ್ದು. ಮೈಸೂರು ಮಹಾರಾಜರ ಖಾಸಗಿ ಡಕೋಟಾ ವಿಮಾನದ ಪೈಲಟರಾಗಿದ್ದವರು ಕ್ಯಾಪ್ಟನ್ ವಿ. ಸುಂದರಂ. ಅವರ ಪತ್ನಿ ಉಷಾ ಸುಂದರಂ ಅವರೂ ವಿಮಾನ ಕಲಿತರು. ಬೆಂಗಳೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಿಂದ 1949ರಲ್ಲಿ ಹೊರಬಂದ ಮೊದಲ ಮಹಿಳೆ ಅವರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸಂಸ್ಥಾನಗಳನ್ನು ಒಕ್ಕೂಟಕ್ಕೆ ಸೇರಿಸುವ ಕಾರ್ಯದಲ್ಲಿದ್ದ ಸರ್ದಾರ್ ಪಟೇಲರನ್ನು ಈ ದಂಪತಿಗಳು ಊರಿಂದೂರಿಗೆ ಒಯ್ದರು. ಒಂದು ಸಂಸ್ಥಾನದ ವಿಮಾನ ಉಳಿದ ಸಂಸ್ಥಾನಗಳ ವಿಲೀನಕ್ಕೆ ನೆರವಾದ ಸೋಜಿಗವಿದು. ಸಾಂಗಲಿ, ಮಿರಜ, ಜತ್ತ ಮೂರೂ ಒಂದು ಕಾಲಕ್ಕೆ ಸಂಸ್ಥಾನಗಳೇ ಆಗಿದ್ದವೆಂಬುದನ್ನು ನೆನೆದರೆ ಆ ದಿನಗಳ ಹಾರಾಟಗಳ ಬೆಲೆ ನಮಗೆ ಇನ್ನಷ್ಟು ಅರಿವಾದೀತು. ನೆಹರು, ರಾಜೇಂದ್ರ ಪ್ರಸಾದರೂ ಅವರ ಪ್ರಯಾಣಿಕರ ಪಟ್ಟಿಯಲ್ಲಿದ್ದರು. ಆ ಕಾಲದ ಹಾರಾಟ ನಿರಪಾಯವಾಗಿತ್ತೆಂದು ಯಾರೂ ತಿಳಿಯಬಾರದು. 1949ರ ಮಾರ್ಚಿನಲ್ಲಿ ಪಟೇಲರು ವಾಯುಪಡೆಯ ‘ಡವ್’ ವಿಮಾನದಲ್ಲಿ ಜಯಪುರಕ್ಕೆ ಹೊರಟಿದ್ದಾಗ ಎಂಜಿನ್ ಕೈಕೊಟ್ಟು, ವಿಮಾನವನ್ನು ದಾರಿಯ ನಡುವೆ ಬಯಲಿನಲ್ಲಿ ಇಳಿಸಬೇಕಾಯಿತು. ಕೆಲವು ಗಂಟೆಗಳ ಕಾಲ ದೇಶದ ಉಪಪ್ರಧಾನಿಯ ಸುಳಿವೇ ದಿಲ್ಲಿಗೆ ಇರಲಿಲ್ಲ.

ಅದೇ ‘ಡವ್’ ಜಾತಿಯ ವಿಮಾನವೊಂದನ್ನು ಮದರಾಸು ಸರ್ಕಾರ 1951ರಲ್ಲಿ ಕೊಂಡಾಗ ಅದನ್ನು ಇಂಗ್ಲೆಂಡಿನಿಂದ ತರಲು ಹೋದವರು ಸುಂದರಂ ದಂಪತಿಗಳು. ಲಂಡನ್ನಿನಿಂದ ಮುಂಬಯಿಗೆ ಸುಮಾರು 27 ಗಂಟೆಗಳಲ್ಲಿ ಬಂದು ಅವರು ಆ ಬಗೆಯ ವಿಮಾನಗಳ ದಾಖಲೆಯನ್ನೇ ಮಾಡಿದರು. ಉಷಾ ಅವರಿಗೆ ಆಗ ಇನ್ನೂ ಮೂವತ್ತು ದಾಟಿರಲಿಲ್ಲ. ಕ್ಯಾಪ್ಟನ್ ಸುಂದರಂ ಅವರನ್ನು ಇಂದು ಹೆಚ್ಚು ಜನ ಬಲ್ಲುದು ಮಾತ್ರ ಬೇರೊಂದು ಕಾರಣಕ್ಕೆ. 1959ರಲ್ಲಿ ಮದರಾಸಿನ ಟಿ. ನಗರದಲ್ಲಿ ಮಳೆಯ ನೀರು ನುಗ್ಗಿದ್ದಾಗ ಮುಳುಗುತ್ತಿದ್ದ ಎರಡು ನಾಯಿಮರಿಗಳನ್ನು ಎತ್ತಿ ಮನೆಗೆ ತಂದರು. ಅಲ್ಲಿಂದ ಬೆಳೆದದ್ದು ‘ಬ್ಲೂ ಕ್ರಾಸ್’ ಎಂಬ ಪ್ರಾಣಿದಯಾ ಸಂಸ್ಥೆ. ರಾಷ್ಟ್ರಪತಿಗಳನ್ನೂ ಪ್ರಧಾನಿಗಳನ್ನೂ ಹೊತ್ತ ಸಾರಥಿಯ ಮರೆಯಲಾಗದ ಭೇಟಿ ಯಾವುದೆಂದು ಯಾರಾದರೂ ಕೇಳಿದ್ದರೆ ಅವರು ಆ ನಾಯಿಮರಿಗಳನ್ನೇ ಹೇಳುತ್ತಿದ್ದರೇನೋ!

ಮಹಾರಾಜರ ಕಾಲ ಹೋಗಿ, ಹಣವಿದ್ದ ಯಾರಾದರೂ ಹೆಲಿಕಾಪ್ಟರನ್ನು ಬಾಡಿಗೆಗೆ ಪಡೆಯಬಹುದಾದ ಕಾಲ ನಮ್ಮ ಭಾಗಕ್ಕೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಅದನ್ನು ತಂದವರಲ್ಲಿ ಮುಖ್ಯರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಅವರ ‘ಕ್ಯಾಪ್ಟನ್’ ಪದವಿ ಭೂಸೇನೆಯದು. ಅವರು ವೃತ್ತಿಯಿಂದ ಪೈಲಟರಲ್ಲ. ಹಾರಾಟ ಬಲ್ಲವರು ಅವರ ಗೆಳೆಯ, ಸೇನೆಯ ಹೆಲಿಕಾಪ್ಟರುಗಳನ್ನು ನಡೆಸಿದ್ದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್. ಇಬ್ಬರೂ ಸೇರಿ ಕಟ್ಟಿದ ಡೆಕ್ಕನ್ ಏವಿಯೇಷನ್ 1997ರಲ್ಲಿ ಬೆಂಗಳೂರಿನಿಂದ ಹೆಲಿಕಾಪ್ಟರ್ ಚಾರ್ಟರ್ ಸೇವೆಯನ್ನು ಆರಂಭಿಸಿತು. ಅದಕ್ಕೂ ಮೊದಲು ಗೋಪಿನಾಥರು ಮಾಡಿದ್ದು ಒಕ್ಕಲುತನ, ರೇಷ್ಮೆ ಬೆಳೆ. ಆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂದಿತ್ತು. ಒಮ್ಮೆ ಹೆಲಿಕಾಪ್ಟರಿನಲ್ಲಿ ಹೋಗುವಾಗ ಕೆಳಗೆ ಹಳ್ಳಿಯ ಮನೆಗಳ ಮೇಲೆ ದೂರದರ್ಶನದ ಆಂಟೆನಾಗಳು ಎದ್ದು ನಿಂತಿರುವುದನ್ನು ಕಂಡರಂತೆ. ಟಿ.ವಿ. ಕೊಳ್ಳಬಲ್ಲವನು ನಾಳೆ ವಿಮಾನದ ಟಿಕೆಟನ್ನೂ ಕೊಂಡಾನು ಎಂಬ ಲೆಕ್ಕ ಅಲ್ಲಿ ಹುಟ್ಟಿತು. 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ಹಾರಿತು. ಆ ಕಂಪನಿ ಮುಂದೆ ಕೈಬದಲಾಯಿತು, ಹೆಸರೂ ಅಳಿಯಿತು. ವ್ಯಾಪಾರದ ಕಥೆ ಅದು, ಇಲ್ಲಿ ಬೇಡ.

ಇಲ್ಲಿ ಬೇಕಾದುದು ಅದಕ್ಕಿಂತ ಹಿಂದಿನ ಸಂಗತಿ. ಗೋಪಿನಾಥರ ತಂದೆ ಶಾಲಾ ಮಾಸ್ತರರು. ಮಗ ಓದಿದ್ದು ಊರ ಕನ್ನಡ ಶಾಲೆಯಲ್ಲಿ. ವಿಜಾಪುರದಲ್ಲಿ ಆಗತಾನೆ ತೆರೆದಿದ್ದ ಸೈನಿಕ ಶಾಲೆಗೆ ಪ್ರವೇಶ ಪರೀಕ್ಷೆ ಬರೆದಾಗ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿತ್ತು, ಹುಡುಗ ಅನುತ್ತೀರ್ಣನಾದ. ಮುಂದೆ ತಾಯ್ನುಡಿಯಲ್ಲಿ ಬರೆಯಲು ಅವಕಾಶ ದೊರೆತಾಗ ಅದೇ ಹುಡುಗ ಉತ್ತೀರ್ಣನಾದ. ಎರಡು ಪರೀಕ್ಷೆಗಳ ನಡುವೆ ಅವನ ಬುದ್ಧಿಯೇನೂ ಬೆಳೆದಿರಲಿಲ್ಲ, ಪ್ರಶ್ನೆಪತ್ರಿಕೆಯ ಭಾಷೆ ಬದಲಾಗಿತ್ತು. ತಮ್ಮ ಆತ್ಮಕಥನದಲ್ಲಿ ಅವರು ಈ ಪ್ರಸಂಗವನ್ನು ನೆನೆದಿದ್ದಾರೆ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ಓದುವ ಮಕ್ಕಳ ತಂದೆತಾಯಿಗಳು ಇದನ್ನು ಒಮ್ಮೆ ಓದಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತವನಿಗೆ ಮುಂದೆ ದಾರಿಯಿಲ್ಲವೆಂಬ ಅಂಜಿಕೆಯಿಂದ ಎಳೆಯ ಮಕ್ಕಳನ್ನು ದೂರದ ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುವವರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಪೈಲಟನಾಗುವವನಿಗೆ ಅದು ಬೇಕೇ ಬೇಕು: ರೇಡಿಯೋದಲ್ಲಿ ಮಾತನಾಡುವ ಭಾಷೆ ಅದೇ, ಪರೀಕ್ಷೆಗಳ ಭಾಷೆಯೂ ಅದೇ. ಆದರೆ ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದುದು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, 18 ವರ್ಷ ವಯಸ್ಸು, ವೈದ್ಯಕೀಯ ಅರ್ಹತೆ, 200 ಗಂಟೆಗಳ ಹಾರಾಟ, ಮತ್ತು ಹವಾಮಾನ, ದಿಕ್ಸೂಚನೆ, ವಾಯುನಿಯಮ, ಯಂತ್ರಜ್ಞಾನಗಳ ಪರೀಕ್ಷೆ. ಒಂದನೆಯ ತರಗತಿಯನ್ನು ಯಾವ ಭಾಷೆಯಲ್ಲಿ ಓದಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ದೊಡ್ಡ ಅಡ್ಡಿಯಿರುವುದು ಖರ್ಚಿನಲ್ಲಿ. ಆ 200 ಗಂಟೆಗಳ ಹಾರಾಟಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು; ದ್ರಾಕ್ಷಿಯ ತೋಟವಿದ್ದವರೂ ಎರಡು ಬಾರಿ ಯೋಚಿಸುವ ಮೊತ್ತ. ಅದಕ್ಕಾಗಿಯೇ ಹೆಲಿಕಾಪ್ಟರ್ ಚಾರ್ಟರ್ ಸೇವೆಯಲ್ಲಿರುವ ಪೈಲಟರಲ್ಲಿ ಹೆಚ್ಚಿನವರು ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಸರ್ಕಾರದ ಖರ್ಚಿನಲ್ಲಿ ಕಲಿತು, ನಿವೃತ್ತರಾಗಿ ಬಂದವರು.

ಆ ದಾರಿಯ ಬಾಗಿಲು ನಮ್ಮ ಊರಿನಿಂದ ದೂರವಿಲ್ಲ. 1961ರಲ್ಲಿ ಆರಂಭವಾದ ಸಾತಾರೆಯ ಸೈನಿಕ ಶಾಲೆ ಉತ್ತರಕ್ಕಿದೆ, ವಿಜಾಪುರದ್ದು ಪೂರ್ವಕ್ಕಿದೆ. ಆಯಾ ರಾಜ್ಯದ ನಿವಾಸಿಗಳಿಗೆ ಹೆಚ್ಚಿನ ಪಾಲು ಸ್ಥಾನಗಳು ಮೀಸಲಿರುವುದರಿಂದ ಸಾಂಗಲಿ ಜಿಲ್ಲೆಯ ಮಕ್ಕಳಿಗೆ ಸಾತಾರೆಯೇ ‘ಮನೆಯ’ ಶಾಲೆ. ಪಾಲಕರು ನಿವಾಸಿ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳಿತು. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಈಗ ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಹಿಂದಿ, ಮರಾಠಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಒಂಬತ್ತನೆಯ ತರಗತಿಯದು ಇಂಗ್ಲಿಷಿನಲ್ಲಿ ಮಾತ್ರ. ಆದ್ದರಿಂದ ಕನ್ನಡ ಶಾಲೆಯ ಮಗುವಿಗೆ ಅನುಕೂಲವಾದ ಹೊತ್ತು ಐದನೆಯ ತರಗತಿ ಓದುತ್ತಿರುವಾಗಲೇ. ಅರ್ಜಿಯಲ್ಲಿ ಪರೀಕ್ಷಾ ಮಾಧ್ಯಮವನ್ನು ಗುರುತಿಸುವ ಅಂಕಣವೊಂದಿರುತ್ತದೆ. ಅಲ್ಲಿ ‘ಕನ್ನಡ’ ಎಂಬುದನ್ನು ತಪ್ಪದೆ ಆರಿಸಬೇಕು.